ಒಂದು ಸಣ್ಣ ಕೆಲಸಕ್ಕೆ ಬಂದ ನಾವಿಕ

ಕಲಬುರಗಿಯಲ್ಲಿ ಚಿತ್ರಕಲೆಯ ವಿದ್ಯಾರ್ಥಿಗಳು ಮತ್ತು ಓದುಗರು ಸೇರಿದ್ದ ಒಂದು ಸಂಜೆ ಆಡಿದ ಮಾತಿನ ಬರಹ ರೂಪ ಇದು. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಮಾತಿನ ನಡುವೆಯೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಪಾಪಾಯ್ ನಿಮಗೆಲ್ಲ ಗೊತ್ತು. ಟಿವಿಯಲ್ಲಿ ಅವನನ್ನು ನೋಡಿಯೇ ಬೆಳೆದವರು ಇಲ್ಲಿ ಜಾಸ್ತಿ ಇದ್ದೀರಿ. ಒಂದು ಕಣ್ಣು ಮುಚ್ಚಿರುತ್ತದೆ, ಬಾಯಲ್ಲಿ ಪೈಪು. ಕಷ್ಟ ಬಂದ ಕೂಡಲೇ ಪಾಲಕ್ ಡಬ್ಬಿ ಹಿಚುಕಿ ಬಾಯಿಗೆ ಸುರಿದುಕೊಳ್ಳುತ್ತಾನೆ. ಆಮೇಲೆ ದಾಂಡಿಗ ಬ್ಲೂಟೋಗೆ ಏಟೋ ಏಟು. ಇದು ಸಿನಿಮಾದವರು ಮಾಡಿದ ಪಾಪಾಯ್. ಅದಕ್ಕೂ ಮುಂಚೆ ದಿನಪತ್ರಿಕೆಯಲ್ಲಿ ಒಬ್ಬ ಪಾಪಾಯ್ ಇದ್ದ. ಅವನ ಹತ್ತಿರ ಪಾಲಕ್ ಇರಲಿಲ್ಲ. ಬ್ಲೂಟೋ ಇನ್ನೂ ಹುಟ್ಟಿರಲಿಲ್ಲ. ಟಿವಿಯಲ್ಲಿ ಅವನ ಗೆಳತಿಯಾದ ಆಲಿವ್ ಆಗ ಬೇರೆ ಒಬ್ಬನ ಗೆಳತಿ. ಅವನು ಕಾಣಿಸಿಕೊಂಡ ಕಾಮಿಕ್ ಸ್ಟ್ರಿಪ್, ಅಂದರೆ ಪೇಪರಿನ ಚಿತ್ರಕಥೆಯ ಪಟ್ಟಿ, ಅದೂ ಅವನದಲ್ಲ. ಒಂಬತ್ತು ವರ್ಷದಿಂದ ನಡೆಯುತ್ತಿದ್ದ ಬೇರೊಂದು ಮನೆಯವರ ಕಥೆಯೊಳಗೆ ಒಂದು ಸಣ್ಣ ಕೆಲಸಕ್ಕೆ ಬಂದ. ಕೆಲಸ ಮುಗಿದ ಮೇಲೆ ಹೋಗಬೇಕಿತ್ತು, ಹೋದ ಕೂಡ. ಓದುಗರು ಅವನನ್ನು ವಾಪಸ್ ಕರೆಸಿದರು.

ಹಾಗೆ ಕರೆಸಿದ ಕಥೆಯನ್ನೇ ಇವತ್ತು ಹೇಳಬೇಕು ಅಂತ ಬಂದಿದ್ದೇನೆ. ಪೇಪರಿನಲ್ಲಿ ಬರುವ ಪಾತ್ರವನ್ನು ಮಾಡುವವರು ಯಾರು? ಬರೆಯುವವರಾ, ಓದುವವರಾ? ಪಾಪಾಯ್ ವಿಷಯದಲ್ಲಿ ಓದುವವರ ಪಾಲು ಬಹಳ ದೊಡ್ಡದು. ಆ ಪಾಲು ಕೊಡುವಷ್ಟು ದೊಡ್ಡ ಮನಸ್ಸು ಬರೆದವರಿಗಿತ್ತು. ನನಗೆ ಈ ಪಾತ್ರದ ಮೇಲೆ ಇಷ್ಟು ಪ್ರೀತಿ ಬರಲು ಅದೇ ಕಾರಣ.

ಬರೆದವರ ಹೆಸರು ಎಲ್ಜಿ ಕ್ರಿಸ್ಲರ್ ಸೀಗರ್. 1894ರ ಡಿಸೆಂಬರ್ 8ರಂದು ಅಮೆರಿಕದ ಇಲಿನಾಯ್ ರಾಜ್ಯದ ಚೆಸ್ಟರ್‌ನಲ್ಲಿ ಹುಟ್ಟಿದರು. ಮಿಸಿಸಿಪಿ ನದಿಯ ದಂಡೆಯ ಸಣ್ಣ ಊರು ಅದು. ತಂದೆ ಮನೆಗಳಿಗೆ ಬಣ್ಣ ಹಚ್ಚುವುದು, ಗೋಡೆಗೆ ಕಾಗದ ಅಂಟಿಸುವುದು, ಹೀಗೆ ಸಿಕ್ಕ ಕೆಲಸ ಮಾಡುತ್ತಿದ್ದರು. ಮಗನೂ ಕೈಜೋಡಿಸುತ್ತಿದ್ದ. ಆಮೇಲೆ ಊರಿನ ಥಿಯೇಟರಿನಲ್ಲಿ ಕೆಲಸಕ್ಕೆ ಸೇರಿದ. ಮೂಕಿ ಚಿತ್ರಗಳ ಕಾಲ. ಪ್ರೊಜೆಕ್ಟರ್ ನಡೆಸುವುದೂ ಅವನೇ, ಚಿತ್ರ ಓಡುವಾಗ ಡ್ರಮ್ ಬಾರಿಸುವುದೂ ಅವನೇ. ಚಿತ್ರ ಬರೆಯುವುದನ್ನು ಕಲಿತದ್ದು ಅಂಚೆಯ ಮೂಲಕ. ಕ್ಲೀವ್‌ಲ್ಯಾಂಡಿನ ಡಬ್ಲ್ಯೂ. ಎಲ್. ಇವಾನ್ಸ್ ಎಂಬುವರು ವ್ಯಂಗ್ಯಚಿತ್ರದ ಪಾಠಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಥಿಯೇಟರಿನ ಕೆಲಸ ಮುಗಿಸಿ, ರಾತ್ರಿ ಹೊತ್ತಿನಲ್ಲಿ ಎಣ್ಣೆ ದೀಪ ಹಚ್ಚಿಕೊಂಡು ಸೀಗರ್ ಆ ಪಾಠ ಮಾಡಿದರು.

ಇಲ್ಲಿ ಕೂತಿರುವ ಹುಡುಗ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳುವುದಕ್ಕೆ ಒಂದು ಕಾರಣ ಇದೆ. ನಮ್ಮೂರಿನಲ್ಲಿ ಪಂಡಿತ್ ರಂಗಮಂದಿರ ಯಾರಿಗೆ ಗೊತ್ತಿಲ್ಲ? ಆ ಎಸ್. ಎಂ. ಪಂಡಿತರು ಇದೇ ಕಲಬುರಗಿಯವರು. 1916ರಲ್ಲಿ ಹುಟ್ಟಿದವರು. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದರು, ಕ್ಯಾಲೆಂಡರಿಗೆ ದೇವರ ಚಿತ್ರ ಬರೆದರು. ಆ ಚಿತ್ರಗಳು ಅಚ್ಚಾಗಿ ಗ್ಯಾಲರಿಯ ಮುಖ ನೋಡದ ಜನರ ಮನೆಯ ಗೋಡೆಗೂ ಬಂದವು. ಸೀಗರ್ ಬೇರೆ ದೇಶ, ಬೇರೆ ಶೈಲಿ. ಆದರೆ ಇಬ್ಬರೂ ಅಚ್ಚಿನ ಯಂತ್ರವನ್ನು ನಂಬಿದವರು. ಒಂದೇ ಒಂದು ಚಿತ್ರ ಬರೆದು ಗೋಡೆಗೆ ತೂಗುಹಾಕಿದರೆ ಅವರ ಕೆಲಸ ಮುಗಿಯುತ್ತಿರಲಿಲ್ಲ.

ಚೆಸ್ಟರ್ ಬಿಟ್ಟು ಸೀಗರ್ ಶಿಕಾಗೋಗೆ ಹೋದರು. ಅಲ್ಲಿ ಅವರಿಗೆ ದಾರಿ ತೋರಿಸಿದವರು ರಿಚರ್ಡ್ ಔಟ್‌ಕಾಲ್ಟ್. 1890ರ ದಶಕದಲ್ಲಿ ಹಳದಿ ಅಂಗಿಯ ಹುಡುಗನ ಚಿತ್ರ ಬರೆದು ನ್ಯೂಯಾರ್ಕಿನ ಎರಡು ದೊಡ್ಡ ಪತ್ರಿಕೆಗಳ ನಡುವೆ ಜಗಳ ಹಚ್ಚಿದವರು ಅವರೇ. ಪುಲಿಟ್ಜರ್ ಒಂದು ಕಡೆ, ಹರ್ಸ್ಟ್ ಇನ್ನೊಂದು ಕಡೆ. ಒಬ್ಬ ಚಿತ್ರಕಾರನಿಗಾಗಿ ಇಬ್ಬರು ಮಾಲೀಕರು ಪೈಪೋಟಿ ಮಾಡಿದರು ಅಂದರೆ ಆ ಕಾಲಕ್ಕೆ ಕಾಮಿಕ್ಸ್‌ಗೆ ಎಂಥ ಬೆಲೆ ಇತ್ತು ನೋಡಿ. 1916ರಲ್ಲಿ ಸೀಗರ್ ಶಿಕಾಗೋದ ಒಂದು ಪತ್ರಿಕೆಗೆ ಚಾರ್ಲಿ ಚಾಪ್ಲಿನ್ ಪಾತ್ರವನ್ನಿಟ್ಟುಕೊಂಡು ಸ್ಟ್ರಿಪ್ ಬರೆಯತೊಡಗಿದರು. ಮೂರು ವರ್ಷದಲ್ಲಿ ನ್ಯೂಯಾರ್ಕಿಗೆ, ಹರ್ಸ್ಟ್ ಅವರ ಕಿಂಗ್ ಫೀಚರ್ಸ್ ಸಂಸ್ಥೆಗೆ ಬಂದರು.

ಕಿಂಗ್ ಫೀಚರ್ಸ್‌ನಂಥ ಸಂಸ್ಥೆಗಳಿಗೆ ಸಿಂಡಿಕೇಟ್ ಅನ್ನುತ್ತಾರೆ. ಇವು ಹೇಗೆ ಕೆಲಸ ಮಾಡುತ್ತಿದ್ದವು ಅಂತ ತಿಳಿದರೆ ಮುಂದಿನದು ಅರ್ಥವಾಗುತ್ತದೆ. ಚಿತ್ರಕಾರ ವಾರಗಟ್ಟಲೆ ಮುಂಚೆ ಸ್ಟ್ರಿಪ್ ಬರೆದು ಕೊಡುತ್ತಾನೆ. ಸಿಂಡಿಕೇಟ್ ಅದರ ಲೋಹದ ಅಚ್ಚು ಮಾಡಿ, ಅದರ ಮೇಲೆ ಒದ್ದೆ ರಟ್ಟಿನಂಥ ಕಾಗದ ಒತ್ತಿ ಪಡಿಯಚ್ಚು ತೆಗೆಯುತ್ತದೆ. ಆ ಕಾಗದದ ಪಡಿಯಚ್ಚು ಹಗುರ, ಅಂಚೆಯಲ್ಲಿ ಕಳಿಸಬಹುದು. ಊರೂರಿನ ಪತ್ರಿಕೆಯವರು ಅದರೊಳಗೆ ಕಾದ ಸೀಸ ಹೊಯ್ದು ತಮ್ಮ ಅಚ್ಚು ತಾವೇ ಮಾಡಿಕೊಳ್ಳುತ್ತಾರೆ. ಹೀಗೆ ಒಬ್ಬರ ಕೈಬರಹ ಒಂದೇ ದಿನ ಹತ್ತಾರು ಊರುಗಳ ಪೇಪರಿನಲ್ಲಿ ಬರುತ್ತದೆ. ವಾರದ ಆರು ದಿನ ಕಪ್ಪು ಬಿಳುಪಿನ ಒಂದು ಪಟ್ಟಿ, ಭಾನುವಾರ ಬಣ್ಣದ ಇಡೀ ಪುಟ. ರಜೆ ಅಂತಿಲ್ಲ. ಹಬ್ಬ ಬಂದರೂ ಜ್ವರ ಬಂದರೂ ನಾಳೆಯ ಪಟ್ಟಿ ನಾಳೆಗೆ ಬೇಕು.

1919ರ ಡಿಸೆಂಬರ್ 19ರಂದು ಸೀಗರ್ ಅವರ ಹೊಸ ಸ್ಟ್ರಿಪ್ ಶುರುವಾಯಿತು. ಹೆಸರು ಥಿಂಬಲ್ ಥಿಯೇಟರ್. ಮೊದಮೊದಲು ಅದು ನಾಟಕಗಳ ಅಣಕ. ಪಾತ್ರಗಳೆಲ್ಲ ಒಂದು ಪುಟ್ಟ ನಾಟಕ ಕಂಪನಿಯ ನಟರಂತೆ. ನಾಯಕಿ ಆಲಿವ್ ಆಯಿಲ್, ಅವಳ ಪ್ರಿಯಕರ ಹ್ಯಾಮ್ ಗ್ರೇವಿ, ಜೊತೆಗೊಬ್ಬ ಖಳ. ಮರುವರ್ಷ ಆಲಿವ್‌ಳ ಅಣ್ಣ ಕ್ಯಾಸ್ಟರ್ ಆಯಿಲ್ ಬಂದ. ಕುಳ್ಳ, ದುಡ್ಡಿನ ಆಸೆ, ದಿನಕ್ಕೊಂದು ಹೊಸ ಯೋಜನೆ, ಎಲ್ಲವೂ ತಲೆಕೆಳಗೆ. ನಿಧಾನಕ್ಕೆ ನಾಟಕದ ಅಣಕ ಹಿಂದೆ ಸರಿಯಿತು. ತಿಂಗಳುಗಟ್ಟಲೆ ನಡೆಯುವ ಸಾಹಸದ ಕಥೆಗಳು ಬಂದವು. ಇದೇ ನನಗೆ ಮುಖ್ಯ ಅನ್ನಿಸುತ್ತದೆ. ದಿನಕ್ಕೆ ಕೆಲವೇ ಚೌಕ. ಅಷ್ಟರಲ್ಲಿ ಒಂದು ನಗು ಬರಬೇಕು, ಕಥೆಯೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಹೀಗೆ ನಡೆಯುವ ಕಥೆಯಲ್ಲಿ ಬರೆಯುವವರಿಗೂ ಮುಂದೇನು ಅಂತ ಪೂರ್ತಿ ಗೊತ್ತಿರುವುದಿಲ್ಲ. ಯಾರೋ ಬಾಗಿಲು ತೆರೆದು ಒಳಗೆ ಬರುವುದಕ್ಕೆ ಜಾಗ ಇರುತ್ತದೆ.

1929ರ ಜನವರಿ 17ರಂದು ಹಾಗೆ ಒಬ್ಬ ಬಂದ.

ಆ ಕಥೆ ಹೀಗಿತ್ತು. ಕ್ಯಾಸ್ಟರ್‌ಗೆ ಬರ್ನೀಸ್ ಎಂಬ ಒಂದು ವಿಚಿತ್ರ ಕೋಳಿ ಸಿಕ್ಕಿದೆ. ಅದರ ನೆತ್ತಿ ಉಜ್ಜಿದರೆ ಅದೃಷ್ಟ ಬರುತ್ತದೆ. ಸಮುದ್ರದ ನಡುವೆ ಡೈಸ್ ಐಲೆಂಡ್ ಅಂತ ಜೂಜಿನ ದ್ವೀಪ. ಕೋಳಿಯನ್ನು ಒಯ್ದು ಅಲ್ಲಿನ ಜೂಜುಕಟ್ಟೆಯನ್ನೇ ಬರಿದು ಮಾಡೋಣ ಅಂತ ಕ್ಯಾಸ್ಟರ್ ಮತ್ತು ಹ್ಯಾಮ್ ಗ್ರೇವಿ ಹೊರಟಿದ್ದಾರೆ. ಹಡಗು ಇದೆ, ಆದರೆ ನಡೆಸಲು ಬರುವುದಿಲ್ಲ. ಬಂದರಿನಲ್ಲಿ ಹುಡುಕುತ್ತಾರೆ. ಅಲ್ಲೊಬ್ಬ ನಿಂತಿದ್ದಾನೆ. ನಾವಿಕನ ಟೋಪಿ, ನಾವಿಕನ ಅಂಗಿ, ಮುಂಗೈ ಮೇಲೆ ಲಂಗರಿನ ಹಚ್ಚೆ. ಕ್ಯಾಸ್ಟರ್ ಹೋಗಿ ನೀನು ನಾವಿಕನಾ ಅಂತ ಕೇಳುತ್ತಾನೆ. ಅವನು, ಯಾಕೆ, ಕೌಬಾಯ್ ಅಂದ್ಕೊಂಡ್ಯಾ ಅಂತ ತಿರುಗಿ ಕೇಳುತ್ತಾನೆ.

ಪಾಪಾಯ್ ಆಡಿದ ಮೊದಲ ಮಾತು ಅದು. ಹೆಸರು ಹೇಳಲಿಲ್ಲ, ನಮಸ್ಕಾರ ಹೇಳಲಿಲ್ಲ. ಕಣ್ಣೆದುರಿಗೇ ಕಾಣುವುದನ್ನು ಯಾಕೆ ಕೇಳ್ತೀಯಾ ಅಂದ, ಅಷ್ಟೇ. ನೂರಾರು ಮುಖ ಬರೆದ ಒಬ್ಬ ಚಿತ್ರಕಾರ, ಈ ಒಂದು ಮಾತಿನಲ್ಲಿ ಒಬ್ಬ ಮನುಷ್ಯನನ್ನು ಪೂರ್ತಿ ನಿಲ್ಲಿಸಿಬಿಟ್ಟರು.

ಆ ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚಿತ್ರ ಬರೆಯುವವರು ದಯವಿಟ್ಟು ಗಮನಿಸಿ. ಭುಜದಿಂದ ಮೊಣಕೈವರೆಗೆ ತೋಳು ಕಡ್ಡಿಯಷ್ಟು ಸಣ್ಣ. ಮೊಣಕೈ ದಾಟಿದ ಮೇಲೆ ಮುಂಗೈ ಸೋರೆಕಾಯಿಯಂತೆ ಊದಿಕೊಂಡಿದೆ. ಯಾವ ಮನುಷ್ಯನ ಮೈಯೂ ಹೀಗಿರುವುದಿಲ್ಲ. ಆದರೆ ಹಗ್ಗ ಎಳೆದೆಳೆದು, ಹುಟ್ಟು ಹಾಕಿ ಹಾಕಿ ಬದುಕಿದವನ ಕೈ ಹೀಗೇ ಇರಬೇಕು ಅನ್ನಿಸುತ್ತದೆ. ಗಲ್ಲ ಮುಂದಕ್ಕೆ ಚಾಚಿದೆ, ಹಲ್ಲಿಲ್ಲದವರ ಗಲ್ಲದ ಹಾಗೆ. ಒಂದು ಕಣ್ಣು ಇಲ್ಲ. ಚೆಲುವ ಅಲ್ಲ, ಎಳೆಯನೂ ಅಲ್ಲ. ಕಥಾನಾಯಕನಿಗೆ ಬೇಕಾದದ್ದು ಅವನಲ್ಲಿ ಒಂದೂ ಇಲ್ಲ. ಸೀಗರ್ ಅವರ ಮನಸ್ಸಿನಲ್ಲೂ ಅವನು ನಾಯಕ ಆಗಿರಲಿಲ್ಲ. ಹಡಗು ನಡೆಸುವುದಕ್ಕೆ ಒಬ್ಬ ಬೇಕಿತ್ತು.

ಚೆಸ್ಟರ್‌ನಲ್ಲಿ ಫ್ರಾಂಕ್ ಫೀಗಲ್ ಅಂತ ಒಬ್ಬ ಇದ್ದ. ಪೈಪು ಸೇದುತ್ತಿದ್ದ, ಚಾಚಿದ ಗಲ್ಲ, ಕೈ ಮಾಡುವುದರಲ್ಲಿ ಮುಂದು ಅಂತ ಊರಿನಲ್ಲಿ ಹೆಸರಿತ್ತು. ಪಾಪಾಯ್‌ಗೆ ಅವನೇ ಮೂಲ ಅಂತ ಊರಿನವರು ನಂಬುತ್ತಾರೆ. ಸೀಗರ್ ಕೆಲಸ ಮಾಡಿದ ಥಿಯೇಟರಿನ ಮಾಲೀಕರೇ ಆಮೇಲೆ ವಿಂಪಿ ಎಂಬ ಪಾತ್ರ ಆದರು ಅಂತಲೂ ಹೇಳುತ್ತಾರೆ. ಊರಿನಿಂದ ದೂರ ಕೂತರೂ ಸೀಗರ್ ಬರೆದದ್ದು ತಮ್ಮ ಊರಿನ ಜನರನ್ನೇ.

ಈಗ ಕಥೆಗೆ ಬರೋಣ. ಡೈಸ್ ಐಲೆಂಡಿನಲ್ಲಿ ಕೋಳಿಯ ದೆಸೆಯಿಂದ ದುಡ್ಡು ಗೆದ್ದು ವಾಪಸ್ ಬರುವಾಗ ಹಡಗಿನಲ್ಲಿ ಸ್ನಾರ್ಕ್ ಎಂಬ ದುಷ್ಟ ಸೇರಿಕೊಂಡಿರುತ್ತಾನೆ. ಪಾಪಾಯ್ ಮೇಲೆ ಗುಂಡು ಹಾರಿಸುತ್ತಾನೆ. ಒಂದಲ್ಲ, ಮೇಲಿಂದ ಮೇಲೆ. ಪಾಪಾಯ್ ಕುಸಿಯುತ್ತಾನೆ. ಪಾಲಕ್ ಇನ್ನೂ ಕಥೆಗೆ ಬಂದಿಲ್ಲ, ನೆನಪಿರಲಿ. ಮೈತುಂಬ ಗುಂಡು ಹೊಕ್ಕ ಅವನು ಹಡಗಿನ ತಳದ ಕತ್ತಲಲ್ಲಿ ಆ ಕೋಳಿಯ ಪಕ್ಕ ಬಿದ್ದುಕೊಂಡು ಅದರ ನೆತ್ತಿ ಉಜ್ಜುತ್ತಲೇ ಇರುತ್ತಾನೆ. ತಾಸುಗಟ್ಟಲೆ. ಆಮೇಲೆ ಎದ್ದು ಬಂದು ಸ್ನಾರ್ಕ್‌ನನ್ನು ಬಡಿಯುತ್ತಾನೆ. ದಿನಕ್ಕೊಂದು ಪಟ್ಟಿಯಂತೆ ಇದನ್ನು ಓದಿದ ಜನರನ್ನು ನೆನೆಸಿಕೊಳ್ಳಿ. ಇವತ್ತು ಬಿದ್ದ. ನಾಳೆ ಬದುಕಿರುತ್ತಾನಾ? ನಾಳಿದ್ದು? ಪೇಪರ್ ಬರುವವರೆಗೆ ಗೊತ್ತಾಗುವುದಿಲ್ಲ. ಜನ ಆ ಒಕ್ಕಣ್ಣಿನವನಿಗೆ ಮನಸ್ಸು ಕೊಟ್ಟದ್ದು ಅವನು ಗೆದ್ದದ್ದಕ್ಕಲ್ಲ ಅಂತ ನನ್ನ ಅನಿಸಿಕೆ. ಅಷ್ಟು ದಿನ ಅವನು ಸಾಯದೆ ತಡೆದುಕೊಂಡದ್ದಕ್ಕೆ.

ಕಥೆ ಮುಗಿಯಿತು. ಪಾಪಾಯ್ ಹೋದ. ಸೀಗರ್ ಕ್ಯಾಸ್ಟರ್‌ಗೆ ಇನ್ನೊಂದು ಕಥೆ ಶುರು ಮಾಡಿದರು. ಓದುಗರಿಂದ ಕಾಗದಗಳು ಬರತೊಡಗಿದವು. ಆ ನಾವಿಕ ಎಲ್ಲಿ? ಕೆಲವೇ ವಾರಗಳಲ್ಲಿ ಪಾಪಾಯ್ ವಾಪಸ್ ಬಂದ, ಆಮೇಲೆ ಹೋಗಲೇ ಇಲ್ಲ.

ಹ್ಯಾಮ್ ಗ್ರೇವಿ ಬಗ್ಗೆ ಒಂದು ಮಾತು ಹೇಳಲೇಬೇಕು. ಹತ್ತು ವರ್ಷ ಆಲಿವ್‌ಳ ಜೊತೆಗಿದ್ದವನು. 1930ರ ಹೊತ್ತಿಗೆ ಆಲಿವ್ ಪಾಪಾಯ್ ಕಡೆ ವಾಲಿದಳು, ಹ್ಯಾಮ್ ಸ್ಟ್ರಿಪ್ಪಿನಿಂದಲೇ ಹೊರಗೆ ಹೋದ. ಅವನಿಗಾಗಿ ಕಾಗದ ಬರೆದವರು ಇರಲಿಲ್ಲ. ಅವನ ತಪ್ಪೇನೂ ಇರಲಿಲ್ಲ. ಕ್ಯಾಸ್ಟರ್ ಕೂಡ ಮೆಲ್ಲಗೆ ಹಿಂದೆ ಸರಿದ. ಬೇರೆ ಯಾವ ಬರಹಗಾರರಾಗಿದ್ದರೂ ಹತ್ತು ವರ್ಷ ಕಟ್ಟಿದ ಮನೆಯನ್ನು ನಿನ್ನೆ ಬಂದವನಿಗೆ ಬಿಟ್ಟುಕೊಡಲು ಹಿಂದೆ ಮುಂದೆ ನೋಡುತ್ತಿದ್ದರು. ಸೀಗರ್ ನೋಡಲಿಲ್ಲ. ಮುಂದೆ ಸ್ಟ್ರಿಪ್ಪಿನ ಹೆಸರೇ ಪಾಪಾಯ್ ಆಯಿತು.

ಇನ್ನೊಂದು ಸಂಗತಿ. ಪಾಪಾಯ್ ಬಂದ ಅದೇ ವರ್ಷ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಬ್ಯಾಂಕುಗಳು ಮುಳುಗಿದವು, ಒಂದು ಕೋಟಿಗೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಆಗ ನಮ್ಮ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಪಂಡಿತರು ಇನ್ನೂ 13 ವರ್ಷದ ಹುಡುಗ. ಆ ಕಡೆ ಅಮೆರಿಕದಲ್ಲಿ ಊಟಕ್ಕೆ ಸಾಲು ನಿಂತ ಜನ ಬೆಳಿಗ್ಗೆ ಪೇಪರಿನಲ್ಲಿ ನೋಡಿದ್ದು ಈ ಪಾಪಾಯ್‌ನನ್ನು. ದುಡ್ಡು ಅವನ ಕೈಗೆ ಬರುತ್ತದೆ, ನಿಲ್ಲುವುದಿಲ್ಲ. 1932ರ ಒಂದು ಕಥೆಯಲ್ಲಿ ಅವನು ಬ್ಯಾಂಕ್ ತೆರೆಯುತ್ತಾನೆ. ಆ ಬ್ಯಾಂಕಿನಲ್ಲಿ ಯಾರೂ ದುಡ್ಡು ಇಡುವ ಹಾಗಿಲ್ಲ. ಕಷ್ಟ ಹೇಳಿಕೊಂಡು ಬಂದವರಿಗೆ ಕೊಡುವುದು ಮಾತ್ರ. ನಿಜವಾದ ಬ್ಯಾಂಕುಗಳು ಬಾಗಿಲು ಹಾಕುತ್ತಿದ್ದ ಕಾಲದಲ್ಲಿ ಇದನ್ನು ಓದಿದವರಿಗೆ ಹೇಗನ್ನಿಸಿರಬೇಕು!

ವಿಂಪಿ ಬಂದದ್ದು 1931ರಲ್ಲಿ, ಬಾಕ್ಸಿಂಗ್ ಪಂದ್ಯದ ರೆಫರಿಯಾಗಿ. ಅವನದೂ ಸಣ್ಣ ಪಾತ್ರವೇ. ಆಮೇಲೆ ಹೋಟೆಲಿನಲ್ಲಿ ಕೂತ. ಇವತ್ತು ಹ್ಯಾಂಬರ್ಗರ್ ಕೊಡು, ದುಡ್ಡು ಮಂಗಳವಾರ ಕೊಡುತ್ತೇನೆ ಅನ್ನುವುದು ಅವನ ಮಾತು. ಕೋಟು ಹಾಕಿದ್ದಾನೆ, ನಯವಾಗಿ ಮಾತಾಡುತ್ತಾನೆ, ಕೈಯಲ್ಲಿ ಬಿಡಿಗಾಸಿಲ್ಲ. ಉದ್ರಿ ಬರೆಸುವವರನ್ನು ಯಾವ ಊರಿನ ಹೋಟೆಲಿನಲ್ಲಿ ನೋಡಿಲ್ಲ? ಸೀಗರ್ ಅವನನ್ನು ಬೈಯುವುದೂ ಇಲ್ಲ, ತಿದ್ದುವುದೂ ಇಲ್ಲ. ಸುಮ್ನೆ ಅವನ ಹಸಿವನ್ನು ತೋರಿಸುತ್ತಾ ಹೋಗುತ್ತಾರೆ. ಇಡೀ ಸ್ಟ್ರಿಪ್ಪಿನಲ್ಲಿ ನನಗೆ ಬಹಳ ಹಿಡಿಸಿದ ಪಾತ್ರ ವಿಂಪಿ.

1933ರಲ್ಲಿ ಸ್ವೀಪೀ ಎಂಬ ಕೂಸು ಬರುತ್ತದೆ, ಯಾರೋ ಪಾಪಾಯ್‌ಗೆ ಒಪ್ಪಿಸಿ ಹೋದದ್ದು. ಅವನು ಅದನ್ನು ಸಾಕುತ್ತಾನೆ. 1936ರಲ್ಲಿ ಯೂಜೀನ್ ಎಂಬ ಮಾಯದ ಪ್ರಾಣಿ. ಆರ್ಕಿಡ್ ಹೂವು ತಿನ್ನುತ್ತದೆ, ಸುಳ್ಳು ಹೇಳಲು ಅದಕ್ಕೆ ಬರುವುದೇ ಇಲ್ಲ. ಸೀ ಹ್ಯಾಗ್ ಎಂಬ ಕಡಲ ಮಾಟಗಾತಿಯಂತೂ ಭಯ ಹುಟ್ಟಿಸುವವಳು. ಆಲಿವ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಟಿವಿಯ ಆಲಿವ್ ಯಾವಾಗಲೂ ಕಾಪಾಡಿ ಕಾಪಾಡಿ ಅಂತ ಕೂಗುವವಳು. ಸೀಗರ್ ಅವರ ಆಲಿವ್ ಸಿಟ್ಟಿನವಳು, ಬಾಯಿ ಜೋರು, ಬೇಕಾದರೆ ತಾನೇ ಕೈ ಎತ್ತುವವಳು. ಪಾಪಾಯ್‌ಗಿಂತ ಒಂಬತ್ತು ವರ್ಷ ಹಿರಿಯ ಪಾತ್ರ ಅವಳು. ಮೊದಲ ದಿನದ ಸ್ಟ್ರಿಪ್ಪಿನಿಂದ ಇದ್ದವಳು. ಅವಳನ್ನು ಅಳುಬುರುಕಿ ಮಾಡಿದ್ದು ದೊಡ್ಡ ಅನ್ಯಾಯ.

ಪಾಪಾಯ್‌ನ ಮಾತಿನ ಬಗೆಯನ್ನೂ ನೋಡಿ. ಶಾಲೆಯ ಇಂಗ್ಲಿಷ್ ಅವನಿಗೆ ಬರುವುದಿಲ್ಲ. ಬಂದರಿನಲ್ಲಿ, ಹಡಗಿನಲ್ಲಿ ಕಲಿತ ಮಾತು. ಸೀಗರ್ ಅದನ್ನು ಹೇಗೆ ಕೇಳಿಸುತ್ತದೋ ಹಾಗೆಯೇ ಬರೆದರು. ನಗಿಸಲು ಬರೆದದ್ದು ನಿಜ. ಆದರೆ ಸ್ಟ್ರಿಪ್ಪಿನಲ್ಲಿ ನ್ಯಾಯದ ಮಾತು ಬರುವುದು ಆ ಬಾಯಿಂದಲೇ. ಚೊಕ್ಕ ಮಾತಾಡುವ ಶ್ರೀಮಂತರು ಮೋಸಗಾರರು. ನಮ್ಮ ಭಾಗದ ಮಾತನ್ನು ಸಿನಿಮಾದಲ್ಲಿ, ಟಿವಿಯಲ್ಲಿ ಬರೀ ನಗೆಗೆ ಬಳಸಿದ್ದನ್ನು ನೋಡಿ ಬೇಜಾರಾದ ನಮಗೆ ಇದರ ಬೆಲೆ ಬೇಗ ತಿಳಿಯುತ್ತದೆ, ಅಲ್ವಾ?

ಈಗ ಪಾಲಕ್‌ಗೆ ಬರುತ್ತೇನೆ. ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಕೇಳಿದ: “ಸರ, ಪಾಲಕ್ ತಿಂದ್ರ ಖರೇನ ಅಷ್ಟು ಶಕ್ತಿ ಬರ್ತದೇನ್ರಿ?” ಎಲ್ಲರೂ ನಕ್ಕರು. ಪ್ರಶ್ನೆ ಒಳ್ಳೆಯದೇ.

ಪೇಪರಿನ ಪಾಪಾಯ್ ಪಾಲಕ್ ತಿನ್ನಲು ಶುರು ಮಾಡಿದ್ದು ಬಂದು ಎರಡು ಮೂರು ವರ್ಷ ಆದ ಮೇಲೆ, ಅದೂ ಯಾವಾಗಲೋ ಒಮ್ಮೆ. ಎಷ್ಟೋ ಕಥೆಗಳಲ್ಲಿ ಪಾಲಕ್ ಸುಳಿವೇ ಇಲ್ಲ. ಅವನ ಬಲ ಅವನದೇ. ಪಾಲಕ್ ಅವನಿಗೆ ಮದ್ದಿನಂತೆ ಅಂಟಿಕೊಂಡದ್ದು ಸಿನಿಮಾದಲ್ಲಿ. 1933ರಲ್ಲಿ ಫ್ಲೈಷರ್ ಸ್ಟುಡಿಯೋದವರು ಪಾಪಾಯ್‌ನ ಮೊದಲ ಕಾರ್ಟೂನ್ ಚಿತ್ರ ಮಾಡಿದರು. ಏಳೆಂಟು ನಿಮಿಷದ ಚಿತ್ರ. ಅಷ್ಟರಲ್ಲಿ ಜಗಳ ಹತ್ತಬೇಕು, ನಾಯಕ ಸೋಲಬೇಕು, ತಿರುಗಿ ಗೆಲ್ಲಬೇಕು. ತಿಂಗಳುಗಟ್ಟಲೆ ನಡೆಯುವ ಕಥೆಗೆ ಅಲ್ಲಿ ಜಾಗ ಇಲ್ಲ. ಹಾಗಾಗಿ ಒಂದು ಡಬ್ಬಿ ಬೇಕಾಯಿತು. ಒಬ್ಬ ಕಾಯಂ ಎದುರಾಳಿ ಬೇಕಾದ. ಬ್ಲೂಟೋ 1932ರಲ್ಲಿ ಸೀಗರ್ ಅವರ ಒಂದೇ ಒಂದು ಕಥೆಯಲ್ಲಿ ಬಂದು ಹೋದವನು. ಸಿನಿಮಾದವರು ಅವನನ್ನು ಎತ್ತಿಕೊಂಡು ಹೆಚ್ಚಿನ ಚಿತ್ರಗಳಿಗೆ ಹಾಕಿದರು. ಫ್ಲೈಷರ್ ಚಿತ್ರಗಳು ಕೆಟ್ಟವು ಅಂತ ನಾನು ಹೇಳುವುದಿಲ್ಲ. ಅವುಗಳ ಚಲನೆ, ಲಯ ಬಹಳ ಚೆಂದ. ಆದರೆ ಪ್ರತಿ ಸಲವೂ ಅದೇ ಡಬ್ಬಿ, ಅದೇ ಏಟು. ತಡೆದುಕೊಳ್ಳುವುದೇ ಗುಣವಾಗಿದ್ದ ಒಬ್ಬ ಮನುಷ್ಯ ಡಬ್ಬಿ ತೆರೆಯುವವನಾಗಿಬಿಟ್ಟ.

ಕಬ್ಬಿಣದ ಅಂಶದ ಕಥೆ ನೀವು ಕೇಳಿರಬಹುದು. ಹಿಂದೆ ಜರ್ಮನಿಯ ಒಬ್ಬ ವಿಜ್ಞಾನಿ ಪಾಲಕ್‌ನ ಕಬ್ಬಿಣದ ಲೆಕ್ಕದಲ್ಲಿ ದಶಮಾಂಶದ ಚುಕ್ಕಿಯನ್ನು ತಪ್ಪು ಜಾಗದಲ್ಲಿ ಇಟ್ಟ, ಹತ್ತು ಪಟ್ಟು ಜಾಸ್ತಿ ಕಾಣಿಸಿತು, ಅದನ್ನು ನಂಬಿ ಪಾಪಾಯ್‌ಗೆ ಪಾಲಕ್ ತಿನ್ನಿಸಿದರು ಅಂತ. ಬಹಳ ಪುಸ್ತಕಗಳಲ್ಲಿ ಬಂದಿದೆ. 1981ರಲ್ಲಿ ಒಂದು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯ ಲೇಖನದಲ್ಲಿ ಬಂದ ಮೇಲೆ ಎಲ್ಲ ಕಡೆ ಹಬ್ಬಿತು. 2010ರಲ್ಲಿ ಮೈಕ್ ಸಟನ್ ಎಂಬ ಸಂಶೋಧಕರು ಇದರ ಬೇರು ಹುಡುಕಿ ಹೊರಟರು. ಆ ಚುಕ್ಕಿಯ ತಪ್ಪಿಗೆ ಆಧಾರ ಸಿಗಲಿಲ್ಲ. ಸೀಗರ್ ಸ್ಟ್ರಿಪ್ಪಿನಲ್ಲಿ ಕಬ್ಬಿಣದ ಮಾತೇ ಎತ್ತಿರಲಿಲ್ಲ ಅಂತಲೂ ಅವರು ತೋರಿಸಿದರು. 1932ರ ಸ್ಟ್ರಿಪ್ಪಿನಲ್ಲಿ ಪಾಪಾಯ್ ಹೇಳುವುದು ವಿಟಮಿನ್ ಎ ಬಗ್ಗೆ. ಅದು ಸರಿಯಾದ ಮಾತೇ. ಹಸಿರು ಸೊಪ್ಪಿನಲ್ಲಿರುವ ಕ್ಯಾರೊಟಿನ್ ನಮ್ಮ ಮೈಯಲ್ಲಿ ವಿಟಮಿನ್ ಎ ಆಗುತ್ತದೆ. ಕಬ್ಬಿಣವೂ ಪಾಲಕ್‌ನಲ್ಲಿ ಇದೆ, ನೂರು ಗ್ರಾಂ ಹಸಿ ಸೊಪ್ಪಿಗೆ ಹೆಚ್ಚುಕಡಿಮೆ ಮೂರು ಮಿಲಿಗ್ರಾಂ. ಆದರೆ ಅದರಲ್ಲಿ ಮೈಗೆ ಹತ್ತುವುದು ಸ್ವಲ್ಪವೇ. ನಿಂಬೆಯಂಥ ಹುಳಿ ಜೊತೆಗಿದ್ದರೆ ಸ್ವಲ್ಪ ಜಾಸ್ತಿ ಹತ್ತುತ್ತದೆ. ರೊಟ್ಟಿ ಜೊತೆ ಪುಂಡಿ ಪಲ್ಯ ತಿಂದು ಬೆಳೆದ ನಮಗೆ ಸೊಪ್ಪಿನ ಬೆಲೆ ಹೊಸದಾಗಿ ಯಾರೂ ಹೇಳಬೇಕಿಲ್ಲ ಅಂದೆ. ಆ ಹುಡುಗ ಜೋರಾಗಿ ಚಪ್ಪಾಳೆ ಹೊಡೆದ.

ಪಾಲಕ್ ಬೆಳೆಗಾರರು ಮಾತ್ರ ಈ ನಾವಿಕನ ಋಣ ಮರೆಯಲಿಲ್ಲ. ಟೆಕ್ಸಾಸ್‌ನಲ್ಲಿ ಕ್ರಿಸ್ಟಲ್ ಸಿಟಿ ಅಂತ ಪಾಲಕ್ ಬೆಳೆಯುವ ಊರಿದೆ. 1937ರಲ್ಲಿ, ಸೀಗರ್ ಬದುಕಿರುವಾಗಲೇ, ಅಲ್ಲಿ ಪಾಪಾಯ್‌ನ ಪ್ರತಿಮೆ ನಿಲ್ಲಿಸಿದರು. ಸೀಗರ್ ಹುಟ್ಟಿದ ಚೆಸ್ಟರ್‌ನಲ್ಲಿ ಕಂಚಿನ ಪಾಪಾಯ್ ನಿಂತದ್ದು 1977ರಲ್ಲಿ.

ಸೀಗರ್ ಜಾಸ್ತಿ ದಿನ ಬದುಕಲಿಲ್ಲ. 1938ರ ಅಕ್ಟೋಬರ್ 13ರಂದು ಕಾಯಿಲೆಯಿಂದ ತೀರಿಕೊಂಡರು. ಆಗ ಅವರಿಗೆ 43 ವರ್ಷ. ಪಾಪಾಯ್ ಅವರ ಕೈಯಲ್ಲಿ ಇದ್ದದ್ದು ಒಂಬತ್ತು ಮುಕ್ಕಾಲು ವರ್ಷ, ಅಷ್ಟೇ. ಆಮೇಲೆ ಬೇರೆ ಬೇರೆಯವರು ಬರೆದರು. ಅವರಲ್ಲಿ ಬಡ್ ಸಾಗೆಂಡಾರ್ಫ್ ಹೆಸರು ಹೇಳಬೇಕು. ಹುಡುಗನಾಗಿದ್ದಾಗಲೇ ಸೀಗರ್ ಹತ್ತಿರ ಸಹಾಯಕನಾಗಿ ಸೇರಿದವರು. 1950ರ ದಶಕದ ಕೊನೆಯಲ್ಲಿ ಸ್ಟ್ರಿಪ್ ಅವರ ಕೈಗೆ ಬಂತು, ಹಲವು ದಶಕ ಬರೆದರು. ಇವತ್ತಿಗೂ ಭಾನುವಾರದ ಸ್ಟ್ರಿಪ್ ಹೊಸದಾಗಿ ಬರುತ್ತಿದೆ. 2022ರಿಂದ ರ‍್ಯಾಂಡಿ ಮಿಲ್‌ಹಾಲಂಡ್ ಬರೆಯುತ್ತಿದ್ದಾರೆ. ಟಿವಿಗಾಗಿ 1960ರ ಸುಮಾರಿಗೆ ಒಂದೇ ಉಸಿರಿಗೆ 220 ಕಾರ್ಟೂನುಗಳನ್ನು ಮಾಡಿದರು. ಅವಸರದ ಕೆಲಸ, ಹೆಚ್ಚು ಹೇಳುವಂಥದ್ದಿಲ್ಲ. ವಿಡಿಯೋ ಗೇಮ್ ಆಡುವವರಿಗೆ ಒಂದು ವಿಷಯ: 1981ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಪಾಪಾಯ್, ಆಲಿವ್, ಬ್ಲೂಟೋ ಇರುವ ಆಟ ಮಾಡಲು ಹೊರಟಿತ್ತು. ಅನುಮತಿ ಸಿಗದೆ ಆ ಮೂವರ ಜಾಗದಲ್ಲಿ ಬೇರೆ ಮೂವರನ್ನು ಇಟ್ಟರು. ಅದೇ ಡಾಂಕಿ ಕಾಂಗ್. ಅದರಲ್ಲಿ ಜಿಗಿಯುವ ಮೀಸೆಯವನು ಮುಂದೆ ಮಾರಿಯೋ ಆದ.

ಕೊನೆಗೆ ಒಬ್ಬ ಹೆಣ್ಣುಮಗಳು ಕೇಳಿದ ಪ್ರಶ್ನೆ: ಈ ಹಳೆಯ ಸ್ಟ್ರಿಪ್‌ಗಳನ್ನು ನಾವು ಕನ್ನಡದಲ್ಲಿ ಮಾಡಬಹುದಾ? ನನಗೆ ಇಡೀ ಸಂಜೆಯಲ್ಲಿ ಬಹಳ ಖುಷಿ ಕೊಟ್ಟ ಪ್ರಶ್ನೆ ಅದು.

ಕಾನೂನಿನ ಮಾತು ಮೊದಲು. ಯುರೋಪಿನಲ್ಲಿ ಲೇಖಕ ತೀರಿದ 70 ವರ್ಷಕ್ಕೆ ಹಕ್ಕು ಮುಗಿಯುತ್ತದೆ. ಅಲ್ಲಿ ಸೀಗರ್ ಅವರ ಪಾಪಾಯ್ 2009ರ ಜನವರಿ 1ಕ್ಕೆ ಎಲ್ಲರ ಆಸ್ತಿಯಾದ. ಅಮೆರಿಕದಲ್ಲಿ ಅಚ್ಚಾದ ವರ್ಷದಿಂದ 95 ವರ್ಷದ ಲೆಕ್ಕ. 1929ರ ಸ್ಟ್ರಿಪ್‌ಗಳು 2025ರ ಜನವರಿ 1ಕ್ಕೆ ಬಿಡುಗಡೆಯಾದವು. ನಮ್ಮ ದೇಶದ ಕಾನೂನಿನಲ್ಲಿ ಲೇಖಕರ ಮರಣದ ನಂತರ 60 ವರ್ಷ. ಆದರೆ ಪಾಪಾಯ್ ಎಂಬ ಹೆಸರು ಟ್ರೇಡ್‌ಮಾರ್ಕ್ ಆಗಿ ಹರ್ಸ್ಟ್ ಕಂಪನಿಯ ಹತ್ತಿರ ಇದೆ. ಆ ಹೆಸರಿಟ್ಟು ಅಂಗಿ, ಆಟಿಕೆ ಮಾರಲು ಹೋಗಬೇಡಿ. ಸೀಗರ್ ಬರೆದ ಹಳೆಯ ಕಥೆಯನ್ನು ಓದಲು, ಕನ್ನಡಕ್ಕೆ ತರಲು ಇದು ಒಳ್ಳೆಯ ಕಾಲ.

ಕಷ್ಟ ಇರುವುದು ಚಿತ್ರದಲ್ಲಲ್ಲ, ಮಾತಿನ ಗುಳ್ಳೆಯಲ್ಲಿ. ಸೀಗರ್ ಬಳಸಿದ್ದು ಇಂಗ್ಲಿಷಿನ ದೊಡ್ಡಕ್ಷರ. ಎಲ್ಲವೂ ಒಂದೇ ಎತ್ತರ, ಸಾಲಿಗೆ ಸಾಲು ಅಂಟಿಸಿ ಬರೆಯಬಹುದು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಎರಡು ಸಾಲಿನ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮೂರು ಸಾಲಿನ ಇಂಗ್ಲಿಷ್ ಗುಳ್ಳೆಯಲ್ಲಿ ಕನ್ನಡದ ಎರಡೇ ಸಾಲು ಹಿಡಿಸುತ್ತದೆ. ಅಕ್ಷರ ಚಿಕ್ಕದು ಮಾಡಿದರೆ ಓದಲು ಬರುವುದಿಲ್ಲ. ಉಳಿದ ದಾರಿ ಒಂದೇ, ಮಾತನ್ನೇ ಕಮ್ಮಿ ಮಾಡುವುದು. ಪುಸ್ತಕದ ಕನ್ನಡ ಅಲ್ಲಿ ಹಿಡಿಸುವುದಿಲ್ಲ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಆಡುವ ಮಾತು ಚಿಕ್ಕದು, ಚುರುಕು. ಬಂದರಿನ ಆ ನಾವಿಕನ ಬಾಯಿಗೂ ಅದೇ ಒಪ್ಪುತ್ತದೆ.

ಜನವರಿ 17ರ ಪಟ್ಟಿಯಿಂದ ಶುರು ಮಾಡಿ ಅಂತ ಅವಳಿಗೆ ಹೇಳಿದೆ. ವಾರಕ್ಕೆ ಆರು, ಸೀಗರ್ ಬರೆದ ಲೆಕ್ಕದಲ್ಲೇ. ದಿನಕ್ಕೊಂದು ಪಟ್ಟಿ ಕಾಲೇಜಿನ ಬೋರ್ಡಿಗೆ ಅಂಟಿಸಿ, ಉಳಿದವರು ನಾಳೆಗಾಗಿ ಕಾಯಲಿ. ಗುಳ್ಳೆಯೊಳಗಿನ ಅಕ್ಷರವನ್ನು ಮಾತ್ರ ಕಂಪ್ಯೂಟರ್ ಫಾಂಟಿನಲ್ಲಿ ಹಾಕಬೇಡಿ. ನಿಬ್ಬು, ಕಪ್ಪು ಇಂಕು ತಂದು ಕೈಯಲ್ಲೇ ಬರೆಯಿರಿ.